ಹಲಗೆಯ ಕೆಳಮಗ್ಗುಲು

ಕರಿಹೊಳೆಯ ಮಠವೆಂದರೆ ದೊಡ್ಡ ಸಂಸ್ಥಾನವೇನಲ್ಲ. ಮಣ್ಣಿನ ಮಾಳಿಗೆಯ ಎರಡು ಅಂಕಣ, ಮುಂದೊಂದು ಬೇವಿನ ಮರ, ಪಕ್ಕದಲ್ಲಿ ದನದ ಕೊಟ್ಟಿಗೆ. ಪರಮಪೂಜ್ಯ ಚಿದ್ಘನ ಮಹಾಸ್ವಾಮಿಗಳು ಅಲ್ಲಿ ತಾವೇ ಕಸ ಗುಡಿಸುತ್ತ, ಆಕಳಿಗೆ ಮೇವು ಹಾಕುತ್ತ, ಬಂದವರಿಗೆ ರೊಟ್ಟಿ ಬಡಿಸುತ್ತ ಇದ್ದರು. ಭಕ್ತರು ಅವರನ್ನು ಅಜ್ಜನವರೆಂದೇ ಕರೆಯುತ್ತಿದ್ದರು.

ಆ ವರ್ಷ ಅಜ್ಜನವರ ಗುರುಗಳ ಪುಣ್ಯಾರಾಧನೆ ಸಮೀಪಿಸಿತ್ತು. ಗುರುಗಳು ಕುಳಿತು ಪ್ರವಚನ ಹೇಳುತ್ತಿದ್ದ ಹಳೆಯ ಪೀಠವನ್ನು ಗೆದ್ದಲು ತಿಂದು ಮುಗಿಸಿತ್ತು. ಅದೇ ಮಾದರಿಯಲ್ಲಿ, ಕಮಲದ ಕಾಲು, ಬಳ್ಳಿಯ ಅಂಚು ಯಾವುದನ್ನೂ ಬಿಡದೆ, ಹೊಸದು ಮಾಡಿಸಬೇಕೆಂದು ಊರ ಹಿರಿಯರಾದ ಶಿವಬಾಳಪ್ಪಗೌಡರು ನಿಶ್ಚಯಿಸಿದರು. ಗುರುಗಳ ಆಸನಕ್ಕೆ ಜೋಡಣೆ ಇರಬಾರದು, ಒಂದೇ ಅಗಲವಾದ ಹಲಗೆಯಾಗಬೇಕು ಎಂಬುದು ಆ ಮಠದ ಸಂಪ್ರದಾಯ. ಅಷ್ಟು ಅಗಲದ ಸಾಗವಾನಿ ಹಲಗೆ ಸುತ್ತಲಿನ ಸೀಮೆಯನ್ನೆಲ್ಲ ಜಾಲಾಡಿದರೂ ಒಂದೇ ಸಿಕ್ಕಿತು. ಕೆಲಸ ಕಾಳಪ್ಪ ಬಡಿಗೇರನ ಪಾಲಿಗೆ ಬಂತು. ಹಳೆಯ ಪೀಠವನ್ನು ಮಾಡಿದವನು ಅವನ ತಂದೆ.

ಕಾಳಪ್ಪನ ಕೈ ಚಿನ್ನದಂಥದು, ಬಾಯಿ ಮಾತ್ರ ಕೆಂಡ. ಕೊಟ್ಟಿಗೆಯ ಮೂಲೆಯಲ್ಲಿ ಕೂತು, ಕೀಸುಳಿ ಹಿಡಿದು, ಹಲಗೆಯನ್ನು ಸಪಾಟು ಮಾಡಿದ. ಬೆಳಗಾಗುವಷ್ಟರಲ್ಲಿ ಅದು ಎರಡೂ ಅಂಚು ಮೇಲೆತ್ತಿಕೊಂಡು ದೋಣಿಯಾಗಿ ಕೂತಿತ್ತು. ಬೈದುಕೊಂಡು ಮತ್ತೆ ಕೀಸಿದ. ಮತ್ತೆ ದೋಣಿ. ಕೀಸಿದಷ್ಟೂ ಹಲಗೆ ತೆಳ್ಳಗಾಗುತ್ತಿತ್ತು; ಹೀಗೇ ನಡೆದರೆ ಅದು ಆಸನವಾಗುವುದಿಲ್ಲ, ಹಂಡೆಯ ಮುಚ್ಚಳವಾದೀತು. ಬೇರೆ ಹಲಗೆಯಂತೂ ಇಲ್ಲ. ಅಪ್ಪ ಮಾಡಿದ್ದು ಮಗನ ಕೈಲಾಗಲಿಲ್ಲವೆಂದು ಆರಾಧನೆಯ ದಿನ ಊರೆಲ್ಲ ಆಡಿಕೊಳ್ಳುತ್ತದೆ. ಈ ಯೋಚನೆ ತಲೆಹೊಕ್ಕ ಮೇಲಂತೂ ಅವನ ಸಿಟ್ಟಿಗೆ ಕೊನೆಯಿಲ್ಲದಾಯಿತು. ಮರ ಕಡಿದವನಿಗೆ ಬೈದ, ಕೊಯ್ದವನಿಗೆ ಬೈದ, ತಂದುಕೊಟ್ಟ ಗೌಡರಿಗೆ ಬೈದ, ತನ್ನ ಪಾಡಿಗೆ ಮೆಲುಕು ಹಾಕುತ್ತಿದ್ದ ಆಕಳಿಗೂ ಬೈದ. ಕೊನೆಗೆ ಕೀಸುಳಿ ಒಗೆದು ಅಜ್ಜನವರ ಮುಂದೆ ಬಂದು ನಿಂತ.

"ಸಾಕಾಗಿ ಹೋತ್ರಿ ಅಜ್ಜಾರ! ಈ ಮರಕ್ಕ ನನ್ನ ಮ್ಯಾಲೆ ಏನ ಹಗೆ ಐತೋ ಏನೋ. ಇದನ್ನ ಸೀಳಿ ಎರಡ ತುಂಡ ಮಾಡಿ ಜೋಡಸ್ತೀನಿ. ಮ್ಯಾಲೆ ಬಣ್ಣ ಬಳದ್ರ ಯಾರಿಗೂ ತಿಳಿಯಾಂಗಿಲ್ಲ. ಗುರುವಿನ ಗದ್ದಿಗಿಗೇ ಗುರುವಿನ ದಯಾ ಇಲ್ಲ ಅಂದಮ್ಯಾಲೆ ನಾ ಏನ ಮಾಡ್ಲಿ?"

ಅಜ್ಜನವರು ಮೇವಿನ ಬುಟ್ಟಿ ಕೆಳಗಿಟ್ಟು ಕೊಟ್ಟಿಗೆಗೆ ಬಂದರು. ಹಲಗೆಯ ಮೇಲ್ಮೈಯನ್ನು ನೋಡಲೇ ಇಲ್ಲ. ಮೊಣಕಾಲೂರಿ ಅದರ ಅಡಿಗೆ ಕೈ ಹಾಕಿದರು. ಗರಗಸದ ಗೀರುಗಳು ಅಲ್ಲಿ ಹಾಗೆಯೇ ಇದ್ದವು. ಅಂಗೈಗೆ ಸಿಬಿರು ಚುಚ್ಚಿತು.

"ಇತ್ಲಾಗ ಕೀಸುಳಿ ಹಚ್ಚೇ ಇಲ್ಲಲ್ಲೋ ಕಾಳಪ್ಪ?"

"ಕೆಳಗ ಯಾರ ನೋಡ್ತಾರ್ರಿ?"

"ಕಟ್ಟಿಗಿ ನೋಡ್ತೈತಿ."

ಕಾಳಪ್ಪ ತಾನೂ ಬಗ್ಗಿ ಹಲಗೆಯ ಅಡಿಗೆ ಕೈ ಹಾಕಿ ನೋಡಿದ. ಮೇಲಿನ ಮಗ್ಗುಲು ಗಾಳಿಗೆ ಒಣಗುತ್ತಿದೆ, ಕೆಳಗಿನದು ಕೊಟ್ಟಿಗೆಯ ಹಸಿನೆಲಕ್ಕೆ ಅಂಟಿಕೊಂಡಿದೆ. ಹಲಗೆ ಬಾಗದೆ ಇನ್ನೇನು ಮಾಡೀತು? ಎರಡೂ ಮಗ್ಗುಲನ್ನು ಸಮನಾಗಿ ಕೀಸಿ, ಅಡಿಗೆ ಪಟ್ಟಿ ಕೊಟ್ಟು ಎತ್ತರಿಸಿ, ಗಾಳಿಯಾಡಲು ಬಿಟ್ಟು ಕಾಯಬೇಕೆಂದು ಅಪ್ಪ ಕಲಿಸಿಯೇ ಇದ್ದ. ಆ ಕಾಯುವುದೊಂದು ಮಾತ್ರ ಮಗನಿಗೆ ಬಂದಿರಲಿಲ್ಲ.

"ಹಂಗ ಮಾಡಿದ್ರ ಆರಾಧನಿಗೆ ಆಗೂದಿಲ್ರಿ," ಎಂದ. ದನಿ ಇಳಿದಿತ್ತು.

"ಆಗದಿದ್ರ ಬಿಡು," ಎಂದು ಅಜ್ಜನವರು ಬುಟ್ಟಿ ಎತ್ತಿಕೊಂಡು ನಡೆದರು.

ಆರಾಧನೆಯ ದಿನ ಬೇವಿನ ಮರದ ನೆರಳು ಸಾಲದಷ್ಟು ಜನ ನೆರೆದರು. ಪೀಠದ ಜಾಗ ಬರಿದಾಗಿತ್ತು. ಗೌಡರು ಎಲ್ಲರೆದುರೇ ಹರಿಹಾಯ್ದರು. "ಏನಲೇ ಕಾಳ್ಯಾ, ನಿಮ್ಮಪ್ಪನ ಹೆಸರ ಮಣ್ಣಪಾಲ ಮಾಡಿದ್ಯಲ್ಲೋ!"

ಅಷ್ಟರಲ್ಲಿ ಅಜ್ಜನವರು ಬಂದು, ಪೀಠವಿರಬೇಕಾದಲ್ಲಿ ಬರಿನೆಲದ ಮೇಲೆ ಕುಳಿತರು.

"ಅವಗ ಯಾಕ ಬೈತೀರಿ ಗೌಡ್ರ? ತಡಾ ಆದ್ರ ಆಗ್ಲಿ ಅಂದಾಂವ ನಾನು."

ಕಾಳಪ್ಪ ಸುಮ್ಮನಿದ್ದಿದ್ದರೆ ಅಲ್ಲಿಗೆ ಮಾತು ಮುಗಿದು ಅವನ ಮಾನ ಉಳಿಯುತ್ತಿತ್ತು. ಆದರೆ ವೃದ್ಧರಾದ ಅಜ್ಜನವರು ತನಗಾಗಿ ನೆಲದ ಮೇಲೆ ಕುಳಿತದ್ದನ್ನು ಅವನಿಂದ ನೋಡಲಾಗಲಿಲ್ಲ. ಗುಂಪಿನ ನಡುವೆ ಎದ್ದು ನಿಂತ.

"ತಪ್ಪ ನಂದ್ರಿ. ಕೆಳಗಿಂದು ಯಾರೂ ನೋಡಾಂಗಿಲ್ಲ ಅಂತ ಬಿಟ್ಟಿದ್ನಿ. ಹಲಗಿ ಚಲೋನ ಐತ್ರಿ. ಗೌಡ್ರು ಚಲೋದನ್ನ ತಂದಕೊಟ್ಟಾರ."

ಗೌಡರಿಗೆ ಬೈಗುಳ ಮರೆತುಹೋಯಿತು. ಅಜ್ಜನವರು ಕೊಂಚ ಸರಿದು, ತಮ್ಮ ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿದರು. ಕಾಳಪ್ಪ ಹೋಗಿ ಅಲ್ಲಿ ಕುಳಿತ. ಅಂಥ ಸಿಡುಕು ಮನುಷ್ಯ ಪ್ರವಚನ ಮುಗಿಯುವವರೆಗೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದ.

ಹಲಗೆಯಲ್ಲಿ ಉಳಿದಿದ್ದ ದಪ್ಪ ಹಾಗೂ ಹೀಗೂ ಸಾಕಾಯಿತು. ಪೀಠ ಸಿದ್ಧವಾಗಲು ಮಾತ್ರ ಮುಂದಿನ ಆರಾಧನೆಯೇ ಬರಬೇಕಾಯಿತು. ಅಲ್ಲಿಯವರೆಗೂ ಅಜ್ಜನವರು ನೆಲದ ಮೇಲೆಯೇ ಕುಳಿತರು. ಕಾಳಪ್ಪ ಒಂದು ದಿನವೂ ಅವಸರ ಮಾಡಲಿಲ್ಲ.