ಅಮ್ಮನ ಸೀರೆಯ ಬಣ್ಣ

“ಗುರುಗಳೇ, ಫೋಟೋದ ಮೇಲೆ ಬಣ್ಣ ಹಚ್ಚುವಾಗ ಯಾವುದು ಯಾವುದಕ್ಕೆ ಜಾಗ ಬಿಡಬೇಕು, ಫೋಟೋ ಕುಂಚಕ್ಕೋ, ಕುಂಚ ಫೋಟೋಗೋ?” ಎಂದು ಶಿಷ್ಯ ಕೇಳಿದ.

ಅವನ ಒಂದು ಕೈಯಲ್ಲಿ ಕುಂಚವಿತ್ತು, ಇನ್ನೊಂದರಲ್ಲಿ ಅವನೇ ತೆಗೆದ ಅಂಬಿಗನೊಬ್ಬನ ಫೋಟೋ. ಅದನ್ನು ದಪ್ಪ ಕಾಗದದ ಮೇಲೆ ಕಪ್ಪು ಬಿಳುಪಿನಲ್ಲಿ ಮುದ್ರಿಸಿ, ಹೊಳೆಗೆಲ್ಲ ನೀಲಿ ಎಣ್ಣೆಬಣ್ಣ ಬಳಿದಿದ್ದ. ಬಣ್ಣ ಇನ್ನೂ ಹಸಿಯಾಗಿತ್ತು.

“ಹಚ್ಚದಿದ್ದರೆ ಚಿತ್ರ ನನ್ನದು ಅನಿಸುವುದಿಲ್ಲ. ಹಚ್ಚಿದರೆ ನೀರು ಹರಿಯುವುದೇ ನಿಂತುಹೋಗುತ್ತದೆ. ಹೀಗೆ ಹನ್ನೊಂದು ಪ್ರತಿ ಕೆಡಿಸಿ ಹರಿದುಹಾಕಿದೆ. ಇದೂ ಕೆಟ್ಟರೆ ಈ ಕೆಲಸವನ್ನೇ ಬಿಡುತ್ತೇನೆ” ಎಂದ.

“ಹನ್ನೊಂದೇ? ನಿನ್ನ ವಯಸ್ಸಿನಲ್ಲಿ ಕೆಡಿಸುವುದರಲ್ಲಿ ನಾನು ನಿನಗಿಂತ ಶೂರನಾಗಿದ್ದೆ. ಕೂತುಕೋ” ಎಂದು ಗುರುಗಳು ಈ ಕತೆ ಹೇಳಿದರು.

ಕಪ್ಪು ಬಿಳುಪಿನ ಫೋಟೋಗಳಿಗೆ ಬಣ್ಣ ಹಚ್ಚಿಕೊಡುವ ಚಿತ್ರಗಾರನೊಬ್ಬನಿದ್ದ. ಒಂದು ದಿನ ತಲೆ ನರೆತ ಅಕ್ಕ ತಮ್ಮ ಇಬ್ಬರು ಅವನಲ್ಲಿಗೆ ಬಂದರು. ಅವರು ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಅವಳದೆಂದು ಉಳಿದದ್ದು ಒಂದೇ ಫೋಟೋ. ಅದರಲ್ಲಿ ಅವಳು ರೇಷ್ಮೆ ಸೀರೆಯುಟ್ಟು ಕೂತಿದ್ದಳು. ಅದೇ ಸೀರೆ ಉಡಿಸಿ ಅವಳನ್ನು ಮಸಣಕ್ಕೆ ಕಳಿಸಿಕೊಟ್ಟಿದ್ದರು. ಅದನ್ನು ಕಂಡಿದ್ದ ಹಿರಿಯರು ಯಾರೂ ಈಗ ಇರಲಿಲ್ಲ.

“ಸೀರೆ ಹಸಿರು” ಎಂದಳು ಅಕ್ಕ.

“ಅಲ್ಲ, ಕೆಂಪು” ಎಂದ ತಮ್ಮ.

ತಾಯಿಯ ದನಿ ಇಬ್ಬರಿಗೂ ಮರೆತುಹೋಗಿತ್ತು. ನೆನಪಿದ್ದದ್ದು ಆ ಬಣ್ಣವೊಂದೇ. ಅದೂ ಸುಳ್ಳಾದರೆ ತಮಗೆ ತಾಯಿಯೇ ಇರಲಿಲ್ಲ ಎಂದ ಹಾಗೆ. ಆದ್ದರಿಂದ ಇಬ್ಬರೂ ಸೋಲಲು ತಯಾರಿರಲಿಲ್ಲ.

ಚಿತ್ರಗಾರ ಫೋಟೋವನ್ನು ದೊಡ್ಡದು ಮಾಡಿಸಿದ. ದೊಡ್ಡವಳ ಮಾತಿರಲಿ ಎಂದು ಸೀರೆಗೆ ಹಸಿರು ಬಳಿದ. ತಮ್ಮ ನೋಡಿದವನೇ “ಇದು ಬೇರೆ ಯಾರೋ” ಎಂದು ಮುಖ ತಿರುಗಿಸಿದ. ಚಿತ್ರಗಾರ ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹಸಿರನ್ನು ಒರೆಸಿದ. ಕೆಂಪು ಬಳಿದ. ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಅವಳನ್ನು ಹಿಂದಕ್ಕೆ ಕರೆದು ಮತ್ತೆ ಒರೆಸತೊಡಗಿದ. ಅವನಿಗೆ ಸಿಟ್ಟು ಬಂದಿತ್ತು. ಒಂದು ಸೀರೆಗೆ ಇಷ್ಟು ರಂಪವೇ ಎಂದು ಗೊಣಗಿಕೊಂಡ.

ಒರೆಸುತ್ತಿದ್ದ ಕೈ ನಿಂತಿತು. ಅಲ್ಲಿಯವರೆಗೆ ಆ ಸೀರೆ ಅವನಿಗೆ ಬಣ್ಣ ತುಂಬಬೇಕಾದ ಜಾಗವಾಗಿತ್ತು, ಅಷ್ಟೆ. ಈಗ ಅದನ್ನು ನೋಡಿದ. ಬೆಳಕು ಒಂದೇ ಸಮ ಬಿದ್ದ ಕಡೆಯಲ್ಲೂ ಬೂದು ಒಂದೇ ಬಗೆಯದಾಗಿರಲಿಲ್ಲ. ನೆರಿಗೆ ಒಂದು ಮಗ್ಗುಲಲ್ಲಿ ತಿಳಿಯಾಗಿತ್ತು, ಹೊರಳಿದ ಕೂಡಲೇ ಗಾಢವಾಗಿತ್ತು. ಇದೇನು ವಿಚಿತ್ರ ಎನಿಸಿ ಅವನ ಸಿಟ್ಟು ಇಳಿಯಿತು.

“ನೀವು ತಾಯಿಯನ್ನು ಎಲ್ಲಿಂದ ನೋಡುತ್ತಿದ್ದಿರಿ?” ಎಂದು ಕೇಳಿದ.

“ಸೆರಗು ಹಿಡಕೊಂಡು ಅವಳ ಹಿಂದೆ ಹಿಂದೆ ಓಡಾಡ್ತಿದ್ದೆ” ಎಂದಳು ಅಕ್ಕ.

“ನಾನು ಅವಳ ಮಡಿಲಲ್ಲಿ ಮಲಗಿರ್ತಿದ್ದೆ” ಎಂದ ತಮ್ಮ.

ಚಿತ್ರಗಾರನಿಗೆ ಹೊಳೆಯಿತು: ಆ ಸೀರೆಯ ಉದ್ದಕ್ಕೆ ಓಡುವ ಹಾಸಿನ ನೂಲು ಒಂದು ಬಣ್ಣ, ಅಡ್ಡಕ್ಕೆ ಓಡುವ ಹೊಕ್ಕಿನ ನೂಲು ಇನ್ನೊಂದು; ನೋಡುವ ಕಡೆ ಬದಲಾದರೆ ಬಣ್ಣವೂ ಬದಲಾಗುತ್ತದೆ. ನಿಂತು ನೋಡಿದವಳಿಗೆ ಹಸಿರು, ಮಲಗಿ ನೋಡಿದವನಿಗೆ ಕೆಂಪು. ಚಿತ್ರಗಾರ ಈ ಸಲ ಎರಡೂ ಬಣ್ಣವನ್ನು ತೆಗೆದುಕೊಂಡ. ಬೂದು ತಿಳಿಯಾಗಿದ್ದಲ್ಲಿ ಒಂದು, ಗಾಢವಾಗಿದ್ದಲ್ಲಿ ಇನ್ನೊಂದು, ಅಡಿಯ ಫೋಟೋ ಕಾಣುವಷ್ಟು ತೆಳ್ಳಗೆ ಹಚ್ಚಿದ.

ಅಕ್ಕ ಬಹಳ ಹೊತ್ತು ನೋಡಿದಳು. ಕೆಂಪು ನೆರಿಗೆಯತ್ತ ಬೆರಳು ತೋರಿಸಿ, “ನಿನ್ನ ಅಮ್ಮ ಇಲ್ಲಿದಾಳೆ ನೋಡೋ” ಎಂದಳು. ತಮ್ಮ ಅಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

“ತಿಳಿಯಿತು ಗುರುಗಳೇ. ಬಣ್ಣ ಇದ್ದದ್ದು ಫೋಟೋದಲ್ಲೇ. ಕುಂಚವೇ ಜಾಗ ಬಿಡಬೇಕು” ಎಂದ. ಮರುಗಳಿಗೆಯೇ ತಡೆದು, “ಆದರೆ ಎರಡು ಸಲ ತಪ್ಪಾಗಿ ಬಳಿಯದಿದ್ದರೆ ಅವನು ಆ ಫೋಟೋವನ್ನು ನೋಡುತ್ತಲೇ ಇರಲಿಲ್ಲವಲ್ಲ. ಹಾಗಾದರೆ ಕುಂಚ, ಫೋಟೋ ಎರಡರಲ್ಲಿ ಯಾವುದು ದೊಡ್ಡದು?” ಎಂದು ಕೇಳಿದ.

ಗುರುಗಳು ಅವನ ಕೈಯಲ್ಲಿದ್ದ ಫೋಟೋದ ಹಸಿ ನೀಲಿಯನ್ನು ನೋಡಿ ಹೇಳಿದರು:

“ಕುಂಚ ಹಿಡಿದುಕೊಂಡು ಬಂದಿದ್ದೀಯೆ, ಒರೆಸಲು ಹತ್ತಿ ಎಲ್ಲಿ?”