ವ್ಯಾನಿನಿಂದ ಇಳಿಯದ ನಾಯಿ

"ಬುದ್ಧೀ, ಆ ಹಾಲಪ್ಪನನ್ನು ಮಠದಲ್ಲಿ ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ?" ಎಂದು ಶಿಷ್ಯ ಗುರುಗಳನ್ನು ಕೇಳಿದ.

ಹಾಲಪ್ಪ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಮಠದ ಹಿಂದಿನ ಕೋಣೆಯಲ್ಲಿ ಇರುತ್ತಿದ್ದ. ಅಂದು ಬೆಳಗ್ಗೆ ಗುರುಗಳ ಪ್ರವಚನ ಹೊತ್ತು ಮೀರಿ ನಡೆಯುತ್ತಿರುವಾಗಲೇ ಎದ್ದು ನಿಂತು, "ಸ್ಟಾಪು ದಾಟಿ ಹೋಯ್ತು ಬುದ್ಧೀ, ಜನ ಇಳೀಬೇಕು" ಎಂದಿದ್ದ. ಭಕ್ತರು ನಕ್ಕಿದ್ದರು. ಗುರುಗಳು ಮಾತನ್ನು ಅಲ್ಲಿಗೇ ಮುಗಿಸಿ ಎದ್ದಿದ್ದರು.

"ನಾನು ಬಂದು ಇಷ್ಟು ವರ್ಷವಾಯಿತು. ನಿಮ್ಮ ಒಂದು ಮಾತಿಗೂ ಎದುರಾಡಿಲ್ಲ. ಅವನು ದಿನಕ್ಕೊಂದು ಕೊಂಕು ತೆಗೆಯುತ್ತಾನೆ. ಆದರೂ ಊಟಕ್ಕೆ ಕೂರುವಾಗ ನೀವು ಅವನನ್ನೇ ಪಕ್ಕಕ್ಕೆ ಕರೆಯುತ್ತೀರಿ" ಎಂದ ಶಿಷ್ಯ.

"ಕೂತ್ಕೋ" ಎಂದರು ಗುರುಗಳು. ಅವನು ಕೂತ. ಅವರು ಈ ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ. ಅವನ ಮನೆಯಲ್ಲಿ ತಾಯಿ, ಹೆಂಡತಿ, ಒಬ್ಬಳೇ ಮಗಳು. ಒಂದು ನಾಯಿ, ಒಂದು ಬೆಕ್ಕು. ನಾಯಿಯ ಹೆಸರು ಗಿಂಡಿ, ಬೆಕ್ಕಿನ ಹೆಸರು ಸೌಟು. ಪಾತ್ರೆ ಅಂಗಡಿಯವರು ಮತ್ತೇನು ಹೆಸರಿಟ್ಟಾರು?

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಯಜಮಾನ ತಂದದ್ದಕ್ಕೆ ಯಾರೂ ಹುಳುಕು ಎತ್ತಬಾರದು. ಅದು ವ್ಯಾಪಾರಿಯ ತಾತನ ಕಾಲದ್ದು. ತಾತ ತಲೆಯ ಮೇಲೆ ಪಾತ್ರೆ ಹೊತ್ತು ಊರೂರು ತಿರುಗಿ ಮಾರುತ್ತಿದ್ದ. ಒಂದು ಸಲ ಪಾತ್ರೆಗೆ ಬದಲಾಗಿ ಯಾರೋ ಮುಗ್ಗಲು ಜೋಳ ಅಳೆದರು. ಬೇರೆ ದಾರಿಯಿಲ್ಲದೆ ಅದನ್ನೇ ಹೊತ್ತು ತಂದ. ಅಜ್ಜಿ ಅದನ್ನು ಬೀಸಿ, ರೊಟ್ಟಿ ಬಡಿದು, ತಾನೇ ಮೊದಲು ಮುರಿದು ತಿಂದು, "ಚೆನ್ನಾಗಿದೆ" ಎಂದಳು. ತಾತನ ಕಣ್ಣು ತುಂಬಿತು. ಅಂದಿನಿಂದ ಆ ಮನೆಗೆ ಏನು ಬಂದರೂ ಚೆನ್ನಾಗಿದೆ. ಹೊಸದಾಗಿ ಬಂದ ಸೊಸೆಗೆ ಒಲೆ ತೋರಿಸುವ ಮೊದಲು ಈ ಮಾತು ಹೇಳಿಕೊಡುತ್ತಿದ್ದರು.

ವ್ಯಾಪಾರಿ ಇದರಲ್ಲೇ ಬೆಳೆದ. ತನ್ನ ಕೈಗುಣ ಒಳ್ಳೆಯದೆಂದು ನಂಬಿದ. ಅವನು ತಂದ ಸೀರೆ ಹೆಂಡತಿಗೆ ಹಿಡಿಸದೆ ಹೋದದ್ದಿಲ್ಲ. ಅವನು ತಂದ ಹಣ್ಣು ಹುಳಿಯಾದದ್ದಿಲ್ಲ. ಪಕ್ಕದ ಮನೆಯಲ್ಲಿ ಗಂಡ ಹೆಂಡತಿ ಬಲಿತ ಬೆಂಡೆಕಾಯಿಗಾಗಿ ಜಗಳ ಆಡುವುದು ಕೇಳಿದರೆ ಅವರ ಮೇಲೆ ಮರುಕಪಡುತ್ತಿದ್ದ.

ಹೀಗಿರುವಾಗ ಮಗಳಿಗೆ ಒಂದು ಸಂಬಂಧ ತಂದ. ಹುಡುಗನ ಮನೆಯವರು ಬಂದು ನೋಡಿದರು, ಒಪ್ಪಿದರು. ಅವರು ಹೋದ ಮೇಲೆ ಮಗಳನ್ನು ಕರೆದು, "ಏನಮ್ಮಾ, ಹುಡುಗ ಹೇಗೆ?" ಎಂದ.

"ಚೆನ್ನಾಗಿದ್ದಾರೆ ಅಪ್ಪಾ" ಎಂದಳು.

ವ್ಯಾಪಾರಿಗೆ ಅಷ್ಟು ಸಾಕಾಯಿತು. ಸೋಮವಾರ ಎಲೆ ಅಡಿಕೆ ಬದಲಾಯಿಸಿ ಮಾತು ಗಟ್ಟಿ ಮಾಡುವುದೆಂದು ಆಯಿತು.

ಆಮೇಲೆ ಅವನಿಗೆ ಒಂದು ಕೊರಗು ಹುಟ್ಟಿತು. ಮಗಳು ಹೊರಟುಹೋಗುತ್ತಾಳೆ. ಅವಳು ಚಿಕ್ಕವಳಿದ್ದಾಗ ತಾನು ಅಂಗಡಿ ಬಿಟ್ಟು ಅಲುಗಿದವನಲ್ಲ. ಒಂದು ಸಲವಾದರೂ ಅವಳನ್ನು ಎಲ್ಲಿಗಾದರೂ ಕರೆದೊಯ್ಯಬೇಕು. ವಿಚಾರಿಸಿದ. ಒಂದು ದೊಡ್ಡ ಕೆರೆಯ ದಂಡೆಯಲ್ಲಿ ಕಾಟೇಜುಗಳ ರೆಸಾರ್ಟು ಇದೆ ಎಂದು ತಿಳಿಯಿತು. ಫೋಟೋದಲ್ಲಿ ನೀರು ಜಗಲಿಯ ಮೆಟ್ಟಿಲವರೆಗೆ ಬಂದಿತ್ತು. ಕೆಳಗೆ "ನಿಮ್ಮ ನಾಯಿ ಬೆಕ್ಕುಗಳಿಗೂ ಸ್ವಾಗತ" ಎಂದು ಬರೆದಿತ್ತು. ಆ ಸಾಲು ಓದಿ ಅವನಿಗೆ ಬಹಳ ಸಂತೋಷವಾಯಿತು. ಮಗಳು ನಾಯಿಯನ್ನು ಬಿಟ್ಟು ಬರುವವಳಲ್ಲ. ತಾಯಿ ಬೆಕ್ಕನ್ನು ಬಿಟ್ಟು ಬರುವವಳಲ್ಲ.

ಶುಕ್ರವಾರ ಅಂಗಡಿಗೆ ಬೀಗ ಹಾಕಿ, ಪಾತ್ರೆ ಸಾಗಿಸುವ ವ್ಯಾನಿನಲ್ಲಿ ಎಲ್ಲರನ್ನೂ ಹತ್ತಿಸಿಕೊಂಡು ಹೊರಟ. ದಾರಿಯುದ್ದಕ್ಕೂ ಅವನೇ ಹಾಡಿದ.

ಹೋಗಿ ನೋಡಿದರೆ ಕೆರೆ ಹಿಂದಕ್ಕೆ ಸರಿದಿತ್ತು. ಜಗಲಿಯಿಂದ ನೀರಿನವರೆಗೆ ಒಂದು ಕೂಗಳತೆ ಕೆಸರು.

"ಮಳೆಗಾಲದಲ್ಲಿ ಬನ್ನಿ ಸಾರ್, ಸೂಪರಾಗಿರುತ್ತೆ" ಎಂದ ಮ್ಯಾನೇಜರು.

ನಾಯಿಗೆ ಸ್ವಾಗತ ಎಂದರೆ ಪಂಪುಮನೆಯ ಹಿಂದೆ ಒಂದು ಕಬ್ಬಿಣದ ಗೂಡು. ನಾಯಿಯನ್ನು ಒಳಗೆ ತರುವಂತಿಲ್ಲ, ದಂಡೆಯಲ್ಲಿ ಬಿಡುವಂತಿಲ್ಲ. ಬೆಕ್ಕು ಒಳಗೆ ಇರಬಹುದು, ಹೊಸಿಲು ದಾಟಬಾರದು. ಬೆಕ್ಕು ಮಂಚದ ಕೆಳಗೆ ಹೊಕ್ಕು ಒಂದೇ ಸಮನೆ ಕೂಗತೊಡಗಿತು. ಹಾಸಿಗೆ ತಂಡಿ ಹಿಡಿದಿತ್ತು. ಸಾರು ಬಿಸಿನೀರಿನಂತಿತ್ತು. ಚಪಾತಿಯನ್ನು ಎರಡು ಕೈಯಲ್ಲಿ ಹಿಡಿದು ಎಳೆಯಬೇಕಿತ್ತು.

ವ್ಯಾಪಾರಿ ಒಬ್ಬೊಬ್ಬರನ್ನೇ ಕೇಳಿದ. ತಾಯಿ ಚಳಿಗೆ ಸೆರಗನ್ನು ಕಿವಿಗೆ ಸುತ್ತಿಕೊಂಡು ಕೂತಿದ್ದಳು.

"ಅವ್ವಾ, ರೂಮು ಹೇಗಿದೆ?"

"ಚೆನ್ನಾಗಿದೆ ಕಣಪ್ಪಾ."

ಹೆಂಡತಿ ಸಕ್ಕರೆ ಡಬ್ಬಿಯಿಂದ ಇರುವೆ ಆರಿಸುತ್ತಿದ್ದಳು. "ಚೆನ್ನಾಗಿದೆ ಕಣ್ರೀ. ಗಾಳಿ ಚೆನ್ನಾಗಿದೆ" ಎಂದಳು.

ಮಗಳು ಗೂಡಿನ ಸರಳುಗಳ ನಡುವೆ ಕೈ ತೂರಿಸಿ ನಾಯಿಗೆ ಅನ್ನ ತಿನ್ನಿಸುತ್ತಿದ್ದಳು. ಅವಳು ತಿರುಗಿ ನೋಡದೆ, "ಚೆನ್ನಾಗಿದೆ ಅಪ್ಪಾ" ಎಂದಳು.

ನಿಜ ಹೇಳಬೇಕೆಂದರೆ ವ್ಯಾಪಾರಿಗೇ ಆ ಜಾಗ ಹಿಡಿಸಿರಲಿಲ್ಲ. ಆದರೆ ಇವರೆಲ್ಲರಿಗೂ ಹಿಡಿಸಿದೆಯಲ್ಲ, ತಾನೊಬ್ಬ ಯಾಕೆ ಕೆಡಿಸಲಿ ಎಂದು ಬಾಯಿ ಮುಚ್ಚಿಕೊಂಡ. ಅಷ್ಟಕ್ಕೇ ಬಿಡಲಿಲ್ಲ. "ನಾಳೆ ಹೊರಡುವುದು ಬೇಡ. ಇನ್ನೂ ಒಂದು ದಿನ ಇದ್ದೇ ಹೋಗೋಣ" ಎಂದ. ಎಲ್ಲರೂ "ಆಗಲಿ" ಎಂದರು.

ಬೆಳಗ್ಗೆ ನಾಯಿಗೆ ಕೆರೆ ತೋರಿಸೋಣವೆಂದು ವ್ಯಾಪಾರಿ ಅದನ್ನು ಗೂಡಿನಿಂದ ಬಿಡಿಸಿ ಹಗ್ಗ ಹಿಡಿದು ಹೊರಟ. ನಾಯಿ ಕೆಸರನ್ನು ನೋಡಿತು. ತಿರುಗಿತು. ಕಾಟೇಜಿನ ಪಕ್ಕದಲ್ಲಿ ವ್ಯಾನು ನಿಂತಿತ್ತು, ಬಾಗಿಲು ತೆರೆದಿತ್ತು. ಗಿಂಡಿ ಹಗ್ಗ ಕಿತ್ತುಕೊಂಡು ಓಡಿ, ಒಳಗೆ ಹಾರಿ, ಮುಂದಿನ ಸೀಟಿನ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕೂತಿತು.

ಕರೆದ. ಬರಲಿಲ್ಲ. ಬಿಸ್ಕತ್ತು ತೋರಿಸಿದ. ಅತ್ತ ಮುಖ ತಿರುಗಿಸಿತು. ಕೊರಳಪಟ್ಟಿ ಹಿಡಿದು ಎಳೆದ. ಹುಟ್ಟಿದಾಗಿನಿಂದ ಅವನ ಕೈಯಲ್ಲಿ ಉಂಡ ನಾಯಿ ಅವನ ಮೇಲೆ ಗುರ್ ಎಂದಿತು.

"ಇಳಿಯೋ ಗಿಂಡಿ! ಮನೆಯವರಿಗೆಲ್ಲ ಹಿಡಿಸಿದೆ. ನಿನಗೊಬ್ಬನಿಗೆ ಏನು ಬಂದಿದೆ ರೋಗ?" ಎಂದು ರೇಗಿದ.

ಗದ್ದಲ ಕೇಳಿ ಹೆಂಗಸರು ಜಗಲಿಗೆ ಬಂದಿದ್ದರು. ತಾಯಿ ಸ್ವಲ್ಪ ಹೊತ್ತು ನಾಯಿಯನ್ನು ನೋಡಿದಳು. ಮಗನನ್ನು ನೋಡಿದಳು.

"ಅದನ್ನು ಬೈಯಬೇಡಪ್ಪಾ. ನಿಮ್ಮ ತಾತ ಅದಕ್ಕೆ ಹೇಳಿಕೊಡಲಿಲ್ಲ" ಎಂದಳು.

ಮೊದಲು ನಕ್ಕವಳು ಹೆಂಡತಿ. ಸೆರಗು ಬಾಯಿಗೆ ಒತ್ತಿಕೊಂಡಳು, ನಗು ನಿಲ್ಲಲಿಲ್ಲ. ಮಗಳು ಕಂಬ ಹಿಡಿದುಕೊಂಡು ನಕ್ಕಳು. ತಾಯಿ ಮೆಟ್ಟಿಲಿಳಿದು ಬಂದು, "ಏ ಗಿಂಡಿ, ಅತ್ತ ಸರಿಯೋ. ನನಗೂ ಜಾಗ ಕೊಡು. ಆ ಹಾಸಿಗೆಯಲ್ಲಿ ನನ್ನ ಸೊಂಟ ಸತ್ತೇಹೋಯಿತು" ಎಂದು ವ್ಯಾನು ಹತ್ತಿದಳು.

ವ್ಯಾಪಾರಿಗೆ ನಗು ಬರಲಿಲ್ಲ.

"ನಿನ್ನೆ ಚೆನ್ನಾಗಿದೆ ಅಂದೆಯಲ್ಲ?" ಎಂದು ಹೆಂಡತಿಯನ್ನು ಕೇಳಿದ.

"ಅಂದೆ."

"ಸುಳ್ಳಾ ಹಾಗಾದರೆ?"

"ಸುಳ್ಳಲ್ಲ ಕಣ್ರೀ. ರೂಢಿ" ಎಂದಳು. ಅವಳ ಕಣ್ಣಲ್ಲಿ ಇನ್ನೂ ನಗುವಿನ ನೀರಿತ್ತು.

ಅವನು ಕೆರೆಯ ಕಡೆ ನಡೆದ. ಕೆಸರು ಚಪ್ಪಲಿ ಹಿಡಿಯಿತು. ಮೊದಲು ಸಿಟ್ಟು ಬಂತು. ಒಂದು ಕಾಟೇಜಿನ ಮಾತಾದರೆ ಹೋಗಲಿ. ಇಷ್ಟು ವರ್ಷ ಈ ಮನೆಯಲ್ಲಿ ತಾನು ಕೇಳಿದ ಚೆನ್ನಾಗಿದೆಗಳಲ್ಲಿ ಯಾವುದು ಚೆನ್ನಾಗಿತ್ತು, ಯಾವುದು ರೂಢಿ? ಹೇಗೆ ತಿಳಿಯುವುದು? ಆಮೇಲೆ ನಾಚಿಕೆಯಾಯಿತು. ಹಾಗೇ ನಾಲ್ಕು ಹೆಜ್ಜೆ ಹೋಗಿರಬೇಕು. ಮಗಳು ನಾಯಿಗೂಡಿನ ಮುಂದೆ ಕೂತು ಹೇಳಿದ ಮಾತು ಕಿವಿಯಲ್ಲಿ ಸುಳಿಯಿತು. ಅದೇ ಮಾತನ್ನು ಅದೇ ದನಿಯಲ್ಲಿ ಅವಳು ಇನ್ನೊಂದು ಸಲ ಹೇಳಿದ್ದಳು. ಹುಡುಗನ ಮನೆಯವರು ಬಂದುಹೋದ ದಿನ.

ವ್ಯಾಪಾರಿಯ ಕಾಲು ನಿಂತಿತು. ಚಪ್ಪಲಿ ಒಂದು ಕೆಸರಲ್ಲೇ ಉಳಿಯಿತು. ಹಿಂದಕ್ಕೆ ಓಡಿ ಬಂದ.

ಮಗಳು ವ್ಯಾನಿನ ಬಾಗಿಲಲ್ಲಿ ನಾಯಿಯ ಕೊರಳು ತುರಿಸುತ್ತ ನಿಂತಿದ್ದಳು.

"ಅಮ್ಮಾ, ರಾತ್ರಿ ಊಟ ಹೇಗಿತ್ತು?"

"ಚೆನ್ನಾಗಿ..." ಎಂದವಳು ನಕ್ಕು, "ಕೆಟ್ಟದಾಗಿತ್ತು ಅಪ್ಪಾ" ಎಂದಳು.

"ಈ ಜಾಗ?"

"ನೀರೇ ಇಲ್ಲವಲ್ಲಪ್ಪಾ."

"ಆ ಹುಡುಗ?"

ನಗು ನಿಂತಿತು. ಅವಳು ಅಪ್ಪನ ಬರಿಗಾಲನ್ನು ನೋಡಿದಳು. ಆಮೇಲೆ, "ಒಳ್ಳೆಯವರೇ ಇರಬಹುದು. ನನಗೆ ಬೇಡ ಅಪ್ಪಾ" ಎಂದಳು.

"ಅಂದೇ ಹೇಳಬಾರದಿತ್ತೇ?"

"ನೀವು ತಂದದ್ದಲ್ಲವಾ?" ಎಂದಳು.

ವ್ಯಾಪಾರಿ ಅಲ್ಲೇ ವ್ಯಾನಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಮಗಳು ಅವನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಳು. ಅವಳು ಹಾಗೆ ಅವನಿಗೆ ಒರಗಿ ಕೂರುತ್ತಿದ್ದದ್ದು ಅಂಗಡಿಯಲ್ಲಿ ಪಾತ್ರೆ ಬಡಿದು ಆಡುವ ವಯಸ್ಸಿನಲ್ಲಿ. ಅವನು ಅವಳ ತಲೆಯ ಮೇಲೆ ಕೈ ಇಟ್ಟ. ಸ್ವಲ್ಪ ಹೊತ್ತಿಗೆ ಎದ್ದು, "ಸಾಮಾನು ಕಟ್ಟಿ, ಹೊರಡೋಣ" ಎಂದ. ಬೆಕ್ಕನ್ನು ಮಂಚದ ಕೆಳಗಿನಿಂದ ಎಳೆಯುವಷ್ಟರಲ್ಲಿ ಅದು ಅವನ ಕೈಯೆಲ್ಲ ಪರಚಿತ್ತು.

ದಾರಿಯಲ್ಲಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿದ. ತಾಯಿ ಇಡ್ಲಿಯನ್ನು ಬೆರಳಿನಿಂದ ಒತ್ತಿ ನೋಡಿ, "ಇದು ಇಡ್ಲಿಯೋ ತೂಕದ ಕಲ್ಲೋ?" ಎಂದಳು. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಅಂಥ ಮಾತು ಅವನು ಕೇಳಿರಲಿಲ್ಲ. ಕಟ್ಟೆ ಒಡೆದ ಹಾಗಾಯಿತು. ವಾರವಾರವೂ ಹಾಗಲಕಾಯಿ ತರುತ್ತೀಯಲ್ಲ, ನನ್ನ ನಾಲಿಗೆ ಏನು ಪಾಪ ಮಾಡಿತ್ತು ಎಂದು ತಾಯಿ ಶುರುಮಾಡಿದಳು.

"ಇನ್ನು ಹಸಿರು ಸೀರೆ ತರಬೇಡಿ. ಬೀರು ತೆಗೆದರೆ ಬಾಳೆತೋಟ ಕಂಡ ಹಾಗಾಗುತ್ತೆ" ಎಂದಳು ಹೆಂಡತಿ.

"ಅಪ್ಪಾ, ಹಾಡಬೇಡಿ. ಹಾಡಿದರೆ ಗಿಂಡಿಗೂ ಕಷ್ಟ" ಎಂದಳು ಮಗಳು.

ವ್ಯಾಪಾರಿಯ ಕಿವಿ ಕೆಂಪಾಯಿತು. ಮತ್ತೆ ವ್ಯಾನು ಹತ್ತಿದರೂ ಅವರು ಬಿಡಲಿಲ್ಲ. ಅವನ ಮೀಸೆಗೆ ಬಂದರು, ಗೊರಕೆಗೆ ಬಂದರು, ನೆಂಟರ ಮುಂದೆ ಅವನು ಹೇಳಿದ್ದನ್ನೇ ಹೇಳುವ ಜೋಕಿಗೆ ಬಂದರು. ಅರ್ಧ ದಾರಿ ಬಂದ ಮೇಲೆ ಅವನಿಗೆ ನಗು ತಡೆಯಲಾಗಲಿಲ್ಲ. ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿ ಕಣ್ಣೊರೆಸಿಕೊಂಡ. ಮದುವೆಯಾಗಿ ಇಷ್ಟು ಕಾಲದ ಮೇಲೆ ಅಂದು ಅವನಿಗೆ ಮನೆಯವರ ಪರಿಚಯವಾಯಿತು.

ಸೋಮವಾರ ಎಲೆ ಅಡಿಕೆ ಬದಲಾಗಲಿಲ್ಲ. ವ್ಯಾಪಾರಿ ತಾನೇ ಹುಡುಗನ ಮನೆಗೆ ಹೋದ. ಕೈ ಮುಗಿದು, ಮಗಳಿಗೆ ಇಷ್ಟವಿಲ್ಲ, ಮೊದಲೇ ಸರಿಯಾಗಿ ಕೇಳದೆ ಹೋದದ್ದು ನನ್ನ ತಪ್ಪು ಎಂದ. ಅವರು ಬೈದರು. ಬೈಸಿಕೊಂಡು ಬಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಇನ್ನೂ ಏನಾದರೂ ಇದೆಯೇನೋ ಎಂದು ಕಾದ. ಇರಲಿಲ್ಲ.

"ಕತೆ ಚೆನ್ನಾಗಿದೆ ಬುದ್ಧೀ" ಎಂದ.

"ಹಾಲಪ್ಪ ಈ ಮಠಕ್ಕೆ ಮನೆಯವನಾದ. ನೀನು ಚೆನ್ನಾಗಿದೆ ಅನ್ನುವುದು ಬಿಟ್ಟು ಯಾವಾಗ ಮನೆಗೆ ಬರುತ್ತೀಯ, ಮರಿ?" ಎಂದರು ಗುರುಗಳು.