ಕಚ್ಚದ ಕಾವಲುಗಾರ

ಹಿಂದಿನ ವರ್ಷ ಹೆಚ್ಚು ಕುರಿ ಕಳೆದುಕೊಂಡ ಮಂದೆಗೆ ಹೊಸ ನಾಯಿಮರಿಗಳಲ್ಲಿ ಮೊದಲ ಆಯ್ಕೆ. ಇದು ಆ ಹುಲ್ಲುಗಾವಲಿನ ಕಟ್ಟಳೆ. ಹಾಗೆ ಎಲ್ಲರಿಗಿಂತ ಮೊದಲು ಆರಿಸಿ ತಂದ ಕೆಂಚನೆಂಬ ನಾಯಿಯನ್ನು, ಒಂದು ಮಳೆಗಾಲ ಕಳೆದ ಮೇಲೆ, ಮಂದೆಯ ಯಜಮಾನ ಟಗರು ವಿಚಾರಣೆಗೆ ನಿಲ್ಲಿಸಿತು.

"ಪಕ್ಕದ ಮಂದೆಯವರು ಕಡೆಯಲ್ಲಿ ಆರಿಸಿದ ಕರಿಯ ಏಳು ತೋಳಗಳನ್ನು ಕಚ್ಚಿದ್ದಾನೆ. ನಿನ್ನ ಹಲ್ಲಿಗೆ ಒಂದು ಕೂದಲೂ ಸಿಕ್ಕಿಲ್ಲ. ಮೊದಲ ಆಯ್ಕೆಯಂತೆ!"

ಕೆಂಚ ತಲೆ ತಗ್ಗಿಸಿದ. ಹಿಂದಿನ ವರ್ಷ ಎರಡು ಮರಿ ಕಳೆದುಕೊಂಡಿದ್ದ ಕುಂಟು ಕುರಿಗೆ ಮೈಯೆಲ್ಲ ಉರಿಯಿತು. ಈ ವರ್ಷದ ಮರಿ ಅದರ ಪಕ್ಕದಲ್ಲೇ ನಿಂತಿತ್ತು.

"ಟಗರಣ್ಣ, ಕರಿಯನ ಮಂದೆಯಲ್ಲಿ ಎಷ್ಟು ಮರಿ ಹೋದವು?" ಎಂದು ಕುಂಟು ಕುರಿ ಕೇಳಿತು.

"ಒಂಬತ್ತು."

"ನಮ್ಮಲ್ಲಿ?"

"ಒಂದೂ ಇಲ್ಲ. ಈ ಕಡೆ ತೋಳವೇ ಬರಲಿಲ್ಲವಲ್ಲ, ಇವನ ಹೆಚ್ಚುಗಾರಿಕೆ ಏನು?"

"ಯಾಕೆ ಬರಲಿಲ್ಲ ಅಂತ ಕೇಳಿದೆಯಾ? ತೋಳ ನುಗ್ಗುವ ಬೇಲಿಯ ಸಂದಿನಲ್ಲಿ ಇವನು ಮೊದಲೇ ನಿಂತಿರುತ್ತಾನೆ. ಕೊಂಬು ಬೆಳೆದಷ್ಟು ಬುದ್ಧಿ ಬೆಳೆಯಲಿಲ್ಲ ನಿನಗೆ!"

ಟಗರು ನೆಲ ಕೆದರಿತು. "ನಾನು ಎಣಿಸುವುದು ಕಚ್ಚಿದ್ದನ್ನು ಮಾತ್ರ," ಎಂದು ಕೆಂಚನನ್ನು ಪಕ್ಕದ ಮಂದೆಗೆ ಕೊಟ್ಟು, ಬದಲಿಗೆ ಕರಿಯನನ್ನು ತಂದಿತು. ಮಂದೆಯೆಲ್ಲ ಕುಣಿಯಿತು.

ಸಂಜೆ ಹೊತ್ತಿಗೆ, ಮಳೆಗಾಲವಿಡೀ ಆ ಕಡೆ ಸುಳಿಯದ ತೋಳ ಬೇಲಿಯಾಚೆ ಬಂದು ನಿಂತಿತು. "ಕೆಂಚ ಹೋದನಂತೆ, ನಿಜವೇ?" ಎಂದು ಮೆಲ್ಲಗೆ ಕೇಳಿತು.

ಕುಂಟು ಕುರಿ ಟಗರಿನತ್ತ ತಿರುಗಿ, "ತಗೋ, ಇನ್ನು ಎಣಿಸು," ಎಂದು, ಮರಿಯನ್ನು ಮುಂದೆ ನೂಕಿಕೊಂಡು ಪಕ್ಕದ ಮಂದೆಯ ದಾರಿ ಹಿಡಿಯಿತು.